‘ಮನೆಯಲ್ಲೇ ಮಾಡಿದ್ದು’ ಎಂಬ ಮಾತಿನ ಮೋಸ

ಕಳೆದ ಮಳೆಗಾಲದಲ್ಲಿ ನನಗೊಂದು ಕೆಲಸ ಬಂತು. ನಲವತ್ತು ನಿಮಿಷದ ಇಂಗ್ಲಿಷ್ ವಿಡಿಯೊಗೆ ಕನ್ನಡ ಸಬ್‌ಟೈಟಲ್. ‘ಹವ್ಯಾಸ ಮತ್ತು ಕುಶಲಕಲೆ’ ಎಂಬ ತಲೆಬರಹದಡಿ ಕಳಿಸಿದ್ದರು. ಮರಗೆಲಸವೋ ಕುಂಬಾರಿಕೆಯೋ ಇರಬೇಕೆಂದು ತೆರೆದೆ. ಶುಚಿಯಾದ ಗ್ಯಾರೇಜು, ಮೇಜಿನ ಮೇಲೊಂದು ಕೈಒತ್ತಿನ ಯಂತ್ರ, ಮೃದು ದನಿಯ ಹಿರಿಯರೊಬ್ಬರು. ಸೀಸವನ್ನು ಕರಗಿಸದೆ ಅಚ್ಚಿನಲ್ಲಿ ಒತ್ತಿ, ತುದಿ ಟೊಳ್ಳಾದ ಗುಂಡು ಮಾಡುವುದು ಹೇಗೆಂದು ಅವರು ತೋರಿಸುತ್ತಿದ್ದರು. ಉಪ್ಪಿನಕಾಯಿ ಹಾಕುವುದನ್ನು ಹೇಳಿಕೊಡುವ ಅಜ್ಜಿಯ ದನಿಯಲ್ಲಿ.

ಇಂಥ ಗುಂಡಿನ ಗುಣ ಒಂದೇ. ಮೈಯೊಳಗೆ ಹೊಕ್ಕ ಮೇಲೆ ತುದಿ ಅರಳುತ್ತದೆ. ಹೊಕ್ಕ ತೂತಿಗಿಂತ ಒಳಗಿನ ಗಾಯ ದೊಡ್ಡದಾಗುತ್ತದೆ. ವಿಡಿಯೊದಲ್ಲಿ ಗಾಯ ಎಂಬ ಪದ ಒಮ್ಮೆಯೂ ಬರಲಿಲ್ಲ. ‘ಪರಿಣಾಮ’ ಬಂತು, ‘ಸಾಮರ್ಥ್ಯ’ ಬಂತು, ‘ತೃಪ್ತಿ’ ಮೂರು ಸಲ ಬಂತು.

ಆಗುವುದಿಲ್ಲ ಎಂದು ಬರೆದೆ. ಕೆಲಸ ಕಳಿಸಿದ್ದ ಹುಡುಗ ಫೋನು ಮಾಡಿದ. ನಮ್ಮ ಕಡೆಯವನೇ. ‘ಮೇಡಂ, ವಿಷಯ ನಮಗ್ಯಾಕೆ? ನಾವು ಪದ ಹಾಕೋರು. ಇಂಗ್ಲಿಷಲ್ಲಿ ಇರೋದೆಲ್ಲ ಕನ್ನಡಕ್ಕೂ ಬರ್ಬೇಕು ಅಂತ ನೀವೇ ಹೇಳ್ತಿರ್ತೀರಲ್ಲ?’

ಹೌದು, ಹೇಳುತ್ತಿರುತ್ತೇನೆ. ಅದಕ್ಕೇ ಈ ಲೇಖನ. ಅವನಿಗೆ ಫೋನಿನಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ.

ಮೊದಲು ಈ ಗುಂಡಿನ ಊರು ಯಾವುದೆಂದು ನೋಡೋಣ. ಅದು ಅಮೆರಿಕದ ಗ್ಯಾರೇಜಲ್ಲ. ಅರಳುವ ಗುಂಡಿಗೆ ಜಗತ್ತಿನ ಹಲವು ಭಾಷೆಗಳಲ್ಲಿ ಇವತ್ತಿಗೂ ಇರುವ ಹೆಸರು ‘ದಮ್‌ದಮ್’. ಕಲ್ಕತ್ತೆಯ ವಿಮಾನ ನಿಲ್ದಾಣವಿರುವ ದಮ್‌ದಮ್. ‘ದಮ್‌ದಮಾ’ ಎಂದರೆ ತೋಪು ಇಡಲು ಎತ್ತರಿಸಿದ ಮಣ್ಣಿನ ದಿಬ್ಬ, ಊರಿನ ಹೆಸರು ಅದರಿಂದ ಬಂತೆನ್ನುತ್ತಾರೆ. ಅಲ್ಲಿ ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆ ಇತ್ತು. 1857ರ ಜನವರಿಯಲ್ಲಿ ಕೊಬ್ಬು ಸವರಿದ ತೋಟಾಗಳ ಸುದ್ದಿ ಸಿಪಾಯಿಗಳ ನಡುವೆ ಹಬ್ಬಿದ್ದೂ ಅಲ್ಲಿಂದಲೇ. ನಲವತ್ತು ವರ್ಷದ ನಂತರ, 1890ರ ದಶಕದಲ್ಲಿ, ವಾಯವ್ಯ ಗಡಿಯ ಪಠಾಣರ ಮೇಲೆ ಹಾರಿಸಿದ ಹೊಸ ಬಂದೂಕಿನ ಗುಂಡುಗಳು ಮೈಯನ್ನು ಸಣ್ಣಗೆ ತೂರಿ ಆಚೆ ಹೋಗುತ್ತವೆ, ಮನುಷ್ಯ ಬೀಳುವುದಿಲ್ಲ ಎಂದು ಸೈನ್ಯ ದೂರಿತು. ಆಗ ದಮ್‌ದಮ್ ಕಾರ್ಖಾನೆಯ ಮುಖ್ಯಸ್ಥ ಕ್ಯಾಪ್ಟನ್ ಬರ್ಟಿ ಕ್ಲೇ ತುದಿಯಲ್ಲಿ ಸೀಸ ತೆರೆದಿರುವ ಗುಂಡನ್ನು ರೂಪಿಸಿದ. 1897–98ರ ತಿರಾಹ್ ದಂಡಯಾತ್ರೆಯಲ್ಲಿ ಅದು ಬಳಕೆಯಾಯಿತು. ಟೊಳ್ಳು ತುದಿಯ ಇನ್ನೊಂದು ನಮೂನೆ ಇಂಗ್ಲೆಂಡಿನಲ್ಲೇ ತಯಾರಾಗಿ 1898ರಲ್ಲಿ ಸೂಡಾನಿನ ಒಮ್‌ದುರ್ಮಾನ್‌ಗೆ ಹೋಯಿತು.

1899ರಲ್ಲಿ ಹೇಗ್ ನಗರದಲ್ಲಿ ದೇಶಗಳು ಸೇರಿ, ಮನುಷ್ಯನ ದೇಹದಲ್ಲಿ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು ತಮ್ಮತಮ್ಮೊಳಗಿನ ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿದವು. ಬ್ರಿಟನ್ ವಿರೋಧಿಸಿತು. ಅದರ ಪರವಾಗಿ ವಾದಿಸಿದ ಸರ್ ಜಾನ್ ಆರ್ಡಾ ಮುಂದಿಟ್ಟ ತರ್ಕ ಹೀಗಿತ್ತು: ನಾಗರಿಕ ಸೈನಿಕ ಗುಂಡು ತಗುಲಿದೊಡನೆ ತಾನು ಗಾಯಗೊಂಡೆ ಎಂದು ಅರಿತು ಹಿಂದೆ ಸರಿಯುತ್ತಾನೆ, ಅನಾಗರಿಕ ಹಾಗಲ್ಲ, ಎರಡು ಮೂರು ಗುಂಡು ಬಿದ್ದರೂ ಮುನ್ನುಗ್ಗಿ ಬರುತ್ತಾನೆ. ಅಂದರೆ ಈ ಗುಂಡು ಯಾರಿಗಾಗಿ ಹುಟ್ಟಿತು ಎಂಬುದನ್ನು ಅದನ್ನು ಹುಟ್ಟಿಸಿದವರೇ ದಾಖಲೆಯಲ್ಲಿ ಹೇಳಿಟ್ಟಿದ್ದಾರೆ. ನಮ್ಮ ನೆಲದಲ್ಲಿ, ನಮ್ಮಂಥವರ ಮೈಗಾಗಿ. ಬ್ರಿಟನ್ ಆ ಘೋಷಣೆಗೆ ಸೇರಿದ್ದು 1907ರಲ್ಲಿ.

ಇಷ್ಟು ತಿಳಿದ ಮೇಲೆ ‘ಹವ್ಯಾಸ ಮತ್ತು ಕುಶಲಕಲೆ’ ಎಂಬ ತಲೆಬರಹವನ್ನು ಇನ್ನೊಮ್ಮೆ ಓದಿ.

ಈ ಹವ್ಯಾಸವನ್ನು ಸಮರ್ಥಿಸುವವರ ವಾದಗಳು ನನಗೆ ಗೊತ್ತು. ಕೆಲವು ಗಟ್ಟಿಯಾಗಿಯೇ ಇವೆ, ಅವನ್ನು ಹಗುರ ಮಾಡುವುದಿಲ್ಲ.

ಒಂದು, ಅರಳುವ ಗುಂಡು ಮೈಯಲ್ಲೇ ನಿಲ್ಲುತ್ತದೆ, ತೂರಿಹೋಗಿ ಹಿಂದಿದ್ದವರಿಗೆ ತಗಲುವುದು ಕಡಿಮೆ. ಅಮೆರಿಕದ ಹಲವು ಪೊಲೀಸ್ ಇಲಾಖೆಗಳು ಅದನ್ನು ಬಳಸುವುದು ಈ ಕಾರಣಕ್ಕೆ. ಎರಡು, ಬೇಟೆಯ ಪ್ರಾಣಿ ನರಳದೆ ಬೇಗ ಸಾಯುತ್ತದೆ. ಮೂರು, ಇದು ಸ್ವಾವಲಂಬನೆ. ಅಂಗಡಿಯ ಬೆಲೆಗೆ ತಲೆಬಾಗದೆ ತನ್ನ ಕೈಯಾರೆ ಮಾಡಿಕೊಳ್ಳುವುದು.

ಮೊದಲನೆಯದು ಪೊಲೀಸರಿಗೆ ಸಂಬಂಧಿಸಿದ ವಾದ. ಸಮವಸ್ತ್ರ, ಹಾರಿಸಿದ ಪ್ರತಿ ಗುಂಡಿನ ಲೆಕ್ಕ, ತಪ್ಪಿದರೆ ವಿಚಾರಣೆ, ಇವೆಲ್ಲ ಇರುವಲ್ಲಿ ಹುಟ್ಟಿದ ವಾದ. ಅದನ್ನು ಗ್ಯಾರೇಜಿಗೆ ಎರವಲು ತರುವಾಗ ಲೆಕ್ಕವನ್ನೂ ವಿಚಾರಣೆಯನ್ನೂ ಅಲ್ಲೇ ಬಿಟ್ಟು ಬರುತ್ತಾರೆ.

ಎರಡನೆಯದಕ್ಕೆ ನಮ್ಮ ದೇಶದಲ್ಲಿ ನೆಲೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವ್ಯಾಸದ ಬೇಟೆ ಎಂಬುದು ಇಂದು ಇಲ್ಲಿ ಅಪರಾಧ. ಕಾಡುಹಂದಿಯಿಂದ ಬೆಳೆ ಹಾಳಾಗುವ ರೈತರ ಸಂಕಟ ನಿಜ. ನಾನು ಹುಟ್ಟಿದ ಮನೆಯ ಗದ್ದೆಯಲ್ಲೂ ಹಂದಿಯ ಸಾಲುಗಳಿದ್ದವು. ಆ ಸಂಕಟಕ್ಕೆ ಸರ್ಕಾರಗಳು ದಾರಿ ಹುಡುಕಿವೆ. ಕೇರಳ 2022ರಲ್ಲಿ ಹಂದಿ ಹೊಡೆಸಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು, ಲೈಸೆನ್ಸ್ ಇರುವ ಕೋವಿಯವರ ಮೂಲಕ. ಆ ದಾರಿ ಸಾಲದು ಎನ್ನಿ, ಜಗಳವಾಡೋಣ. ಆದರೆ ಮನೆಯಲ್ಲಿ ಮಾಡಿಕೊಂಡ ಉಪಾಯಗಳು ಎಲ್ಲಿಗೆ ಒಯ್ಯುತ್ತವೆ ಎಂಬುದನ್ನು 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನ ವೆಳ್ಳಿಯಾರ್ ಹೊಳೆಯಲ್ಲಿ ಬಾಯಿ ಮುಳುಗಿಸಿಕೊಂಡು ನಿಂತೇ ಸತ್ತ ಬಸುರಿ ಆನೆಯ ಚಿತ್ರ ತೋರಿಸಿತು. ಹಣ್ಣಿನೊಳಗೆ ಸಿಡಿಮದ್ದು ಇಡುವ ರೂಢಿ ಹಂದಿಗಾಗಿಯೇ ಬೆಳೆದದ್ದು. ಸಿಡಿಯುವಾಗ ಅದು ಹಂದಿ ಯಾವುದು, ಆನೆ ಯಾವುದು ಎಂದು ಕೇಳುವುದಿಲ್ಲ.

ಮೂರನೆಯದು ನನಗೆ ಹೆಚ್ಚು ಕಾಟ ಕೊಡುವ ವಾದ. ಏಕೆಂದರೆ ‘ಮನೆಯಲ್ಲೇ ಮಾಡಿದ್ದು’ ಎಂಬುದು ಕನ್ನಡದಲ್ಲಿ ಮುದ್ದಾದ ಮಾತು. ಮನೆಯ ತುಪ್ಪ, ಮನೆಯ ಹಪ್ಪಳ, ಮನೆಮದ್ದು. ಮನೆ ಎಂಬ ಪದ ಸೇರಿದೊಡನೆ ವಸ್ತು ಶುದ್ಧವಾಗಿಬಿಡುತ್ತದೆ. ‘ಮದ್ದು’ ಎಂಬ ಪದವನ್ನೇ ನೋಡಿ. ಔಷಧಿಗೂ ಅದೇ, ಕೋವಿಯ ಪುಡಿಗೂ ಅದೇ. ಹಳ್ಳಿಯಲ್ಲಿ ‘ಮದ್ದು ಹಾಕಿದರು’ ಎಂದರೆ ವಿಷವಿಕ್ಕಿದರು ಎಂಬ ಅರ್ಥವೂ ಉಂಟು. ಯಾವ ಮದ್ದು ಎಂದು ನಮ್ಮ ಹಿರಿಯರು ಸಂದರ್ಭ ನೋಡಿ ತಿಳಿಯುತ್ತಿದ್ದರು. ವಿಡಿಯೊದ ಮೋಸವಿರುವುದು ಸಂದರ್ಭವನ್ನು ಅಳಿಸುವುದರಲ್ಲಿ. ಒತ್ತುವ ಕೈ ಕಾಣುತ್ತದೆ, ಹೊಳೆಯುವ ಸೀಸ ಕಾಣುತ್ತದೆ, ಆ ವಸ್ತು ಕೊನೆಗೆ ತಲುಪುವ ಮೈ ಕಾಣುವುದಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ನಮ್ಮ ಭಾಷೆಗಿಂತ ಎಚ್ಚರವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡನ್ನು ವ್ಯಾಖ್ಯಾನಿಸುವಾಗ ಅದರ ಬಿಡಿಭಾಗಗಳನ್ನೂ, ಅದನ್ನು ತಯಾರಿಸುವ ಯಂತ್ರವನ್ನೂ ಅದೇ ಪದದೊಳಗೆ ಸೇರಿಸಿದೆ. ಗುಂಡು ಮಾಡಲೆಂದೇ ಇರುವ ಯಂತ್ರವೂ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಲೈಸೆನ್ಸ್ ಇಲ್ಲದೆ ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅದಕ್ಕೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಭಾಷಾಶಾಸ್ತ್ರ ಓದಿದವಳಾಗಿ ಆ ವ್ಯಾಖ್ಯಾನವನ್ನು ನಾನು ಮೆಚ್ಚುತ್ತೇನೆ. ವಸ್ತುವನ್ನು ಅದರ ಹಿಂದುಮುಂದಿನೊಂದಿಗೆ ಹಿಡಿಯುವ ವ್ಯಾಖ್ಯಾನ ಅದು.

ಇಲ್ಲಿ ಕೊಡಗಿನವರು ಮಾತಾಡಬಹುದು, ಮಾತಾಡಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದನ್ನು ಕಂಡವರಿಗೆ ಆಯುಧಕ್ಕೂ ಮನೆಗೂ ಇರುವ ನಂಟು ಸುಳ್ಳಲ್ಲವೆಂದು ಗೊತ್ತು. ಆದರೆ ಆ ನಂಟು ಎಂಥದು? ಒಕ್ಕದ ಎಲ್ಲರೂ ನೋಡುವಂತೆ, ಹೆಸರು ಹೇಳಿ, ಊರಿಗೆ ಗೊತ್ತಿರುವ ಕೋವಿ ಅದು. ಆ ವಿನಾಯಿತಿ ಇರುವುದು ಹಿಡಿಯಲು, ಮನೆಯಲ್ಲಿ ಗುಂಡಿನ ಕಾರ್ಖಾನೆ ನಡೆಸಲು ಅಲ್ಲ. ಊರಿನ ಕಣ್ಣೆದುರು ಇರುವ ಆಯುಧವನ್ನು, ಯಾರ ಕಣ್ಣಿಗೂ ಬೀಳದಂತೆ ಹುಟ್ಟುವ ಆಯುಧದೊಂದಿಗೆ ಹೋಲಿಸುವುದು ಕೊಡಗಿಗೆ ಮಾಡುವ ಅವಮಾನ.

ಕಣ್ಣಿಗೆ ಬೀಳದಂತೆ ಹುಟ್ಟುವ ಆಯುಧ ನಮಗೇನು ಮಾಡಿದೆ ಎಂದು ಕನ್ನಡಿಗರಿಗೆ ಹೇಳಬೇಕೆ? 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣ ನಗರದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲು ಬಡಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆ ಬಿದ್ದರು. ಎರಡೂ ಕಡೆ ಹಾರಿದ ಗುಂಡುಗಳು 7.65 ಮಿಲಿಮೀಟರಿನ ಒಂದೇ ನಾಡ ಪಿಸ್ತೂಲಿನವು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ನಾಡ ಪಿಸ್ತೂಲು ಎಂದರೇನು? ಯಾರೋ ಒಬ್ಬ, ಎಲ್ಲೋ ಒಂದು ಕೋಣೆಯಲ್ಲಿ, ಕೈಯಾರೆ ಮಾಡಿದ್ದು. ಅವನಿಗೂ ಕುಶಲತೆ ಇತ್ತು. ಅವನಿಗೂ ಬಹುಶಃ ತೃಪ್ತಿಯಾಗಿತ್ತು. ಅವನಿಗೆ ವಚನವೂ ಗೊತ್ತಿರಲಿಕ್ಕಿಲ್ಲ, ಶಾಸನವೂ ಗೊತ್ತಿರಲಿಕ್ಕಿಲ್ಲ, ತನ್ನ ಕೈಕೆಲಸ ಯಾರ ಹಣೆಗೆ ಹೋಗುತ್ತದೆಂಬುದೂ ಗೊತ್ತಿರಲಿಕ್ಕಿಲ್ಲ.

ಆ ಕೊಲೆಗಳಲ್ಲಿ ಟೊಳ್ಳು ತುದಿಯ ಗುಂಡಿತ್ತೆಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು. ಗುಂಡಿನ ಮೇಲೆ ನಳಿಗೆಯ ಗುರುತು ಬೀಳುವುದರಿಂದ ಎರಡು ಊರಿನ, ಎರಡು ವರ್ಷದ ಅಂತರದ ಎರಡು ಹೆಣಗಳನ್ನು ಒಂದು ದಾರಕ್ಕೆ ಪೋಣಿಸಲು ಸಾಧ್ಯವಾಯಿತು. ಲೈಸೆನ್ಸಿನಲ್ಲಿ ಬರೆದ ತೋಟಾಗಳ ಮಿತಿ, ಅಂಗಡಿಯ ಪುಸ್ತಕ, ಕಾರ್ಖಾನೆಯ ಮುದ್ರೆ, ಇವು ಅಂಥದೇ ಇನ್ನಷ್ಟು ದಾರಗಳು. ಲೆಕ್ಕವಿಲ್ಲದೆ ಮನೆಯಲ್ಲಿ ಹುಟ್ಟುವ ಗುಂಡು ಆ ದಾರಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ‘ಸರ್ಕಾರ ನಮ್ಮ ಗುಂಡು ಎಣಿಸುವುದು ಯಾಕೆ?’ ಎಂದು ಕೇಳುವವರಿಗೆ ನನ್ನ ಉತ್ತರ: ಎಣಿಸುವುದು ನಿಮ್ಮನ್ನು ಕಾಡಲಿಕ್ಕಲ್ಲ, ಸತ್ತವರ ಪರವಾಗಿ ನಾಳೆ ಯಾರಾದರೂ ಮಾತಾಡಲು ಬರಲಿ ಎಂದು.

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಾವು ಪದ ಹಾಕುವವರು, ವಿಷಯ ನಮಗ್ಯಾಕೆ?

ನಾನಿರುವುದು ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ. ಈ ಊರಿನ ಭೂಗತ ಲೋಕ ಬಂದೂಕಿಗೆ ‘ಘೋಡಾ’ ಎಂದಿತು, ಕೋಟಿಗೆ ‘ಖೋಖಾ’ ಎಂದಿತು, ಕೊಲೆಯ ಗುತ್ತಿಗೆಗೆ ‘ಸುಪಾರಿ’ ಎಂದಿತು. ಆಟದ ಕುದುರೆ, ಖಾಲಿ ಪೆಟ್ಟಿಗೆ, ತಟ್ಟೆಯಲ್ಲಿಟ್ಟು ಕೊಡುವ ಅಡಿಕೆ. ಮನೆಯೊಳಗಿನ ಪದಗಳನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಪದ ಮೆತ್ತಗಾದರೆ ಕೈ ನಡುಗುವುದಿಲ್ಲ. ‘ಸುಪಾರಿ’ ನಮ್ಮ ಕನ್ನಡ ಪತ್ರಿಕೆಗಳಿಗೂ ಬಂತು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಅಡಿಕೆ ಬೆಳೆದು ಬದುಕುವ ಜನ ಇವತ್ತು ‘ಸುಪಾರಿ ಹತ್ಯೆ’ ಎಂಬ ತಲೆಬರಹವನ್ನು ಕಾಫಿ ಕುಡಿಯುತ್ತ ಓದುತ್ತಾರೆ. ಅದನ್ನು ಮೊದಲ ಸಲ ಕನ್ನಡಕ್ಕೆ ತಂದವರೂ ಪದ ಹಾಕುವವರೇ ಇದ್ದಿರಬೇಕು. ವಿಷಯ ತಮಗ್ಯಾಕೆ ಎಂದುಕೊಂಡವರು.

ಕನ್ನಡಕ್ಕೆ ಎಲ್ಲ ಜ್ಞಾನವೂ ಬರಬೇಕು ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಗುಂಡಿನ ವಿಷಯವೂ ಬರಲಿ. ಗುಂಡೇಟಿನ ಗಾಯಕ್ಕೆ ಚಿಕಿತ್ಸೆ ಹೇಗೆ, ವಿಧಿವಿಜ್ಞಾನದವರು ಗುಂಡನ್ನು ಹೇಗೆ ಓದುತ್ತಾರೆ, ಹೇಗ್ ಘೋಷಣೆ ಏನು ಹೇಳಿತು, ಶಸ್ತ್ರಾಸ್ತ್ರ ಕಾಯ್ದೆಯ ಕಲಮುಗಳೇನು, ದಮ್‌ದಮ್ ಕಾರ್ಖಾನೆಯ ಚರಿತ್ರೆಯೇನು. ಇವು ಕನ್ನಡದಲ್ಲಿ ಎಷ್ಟಿವೆ ಹುಡುಕಿ ನೋಡಿ. ಇವನ್ನು ಮಾಡಲು ಯಾರೂ ಹಣ ಕೊಡುವುದಿಲ್ಲ. ಹಣ ಸಿಗುವುದು ಯಂತ್ರದ ಹಿಡಿಕೆಯನ್ನು ಯಾವ ಕಡೆ ಒತ್ತಬೇಕು ಎಂಬುದಕ್ಕೆ. ಹಾಗಾಗಿ ‘ಎಲ್ಲ ಜ್ಞಾನ’ ಎಂಬ ದೊಡ್ಡ ಮಾತಿನ ಹೆಸರಲ್ಲಿ ಬರುವುದು ಎಲ್ಲವೂ ಅಲ್ಲ, ಮಾರಾಟವಾಗುವುದು ಮಾತ್ರ.

ನಾನು ಬಿಟ್ಟರೆ ಇನ್ನೊಬ್ಬರು ಮಾಡುತ್ತಾರೆ, ಯಂತ್ರಾನುವಾದವಂತೂ ಇದ್ದೇ ಇದೆ ಎನ್ನಬಹುದು. ಮಾಡಲಿ. ಕೊಲೆಯ ಸುಪಾರಿ ನಿರಾಕರಿಸಿದವನಿಗೂ ‘ನೀನಲ್ಲದಿದ್ದರೆ ಇನ್ನೊಬ್ಬ’ ಎಂದೇ ಹೇಳಿರುತ್ತಾರೆ. ನನ್ನ ನಿರಾಕರಣೆಯಿಂದ ಜಗತ್ತಿನಲ್ಲಿ ಒಂದು ಗುಂಡೂ ಕಡಿಮೆಯಾಗಲಿಕ್ಕಿಲ್ಲ. ಆ ತಿಂಗಳ ಬಾಡಿಗೆಯಲ್ಲಿ ಅರ್ಧ ಕಡಿಮೆ ಬಿತ್ತು, ಅದು ಖಚಿತ. ಆದರೆ ಅನುವಾದಕರಾದ ನಮಗೆ ಇರುವ ಅಧಿಕಾರ ಒಂದೇ ಒಂದು: ಯಾವುದಕ್ಕೆ ಕನ್ನಡದ ದನಿ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು. ಅದನ್ನೂ ಪದಕ್ಕಿಷ್ಟು ಎಂದು ಮಾರಿಬಿಟ್ಟರೆ ನಮ್ಮಲ್ಲಿ ಉಳಿಯುವುದು ಟೈಪಿಂಗ್ ಮಾತ್ರ.

ಒಂದು ವೇಳೆ ಆ ವಿಡಿಯೊಗೆ ಸಬ್‌ಟೈಟಲ್ ಬರೆಯಲೇಬೇಕಾದರೆ ಹೇಗೆ ಬರೆಯುತ್ತಿದ್ದೆ ಎಂದು ಆ ರಾತ್ರಿ ಯೋಚಿಸಿದೆ. ‘ಪರಿಣಾಮ’ ಎಂದಿದ್ದಲ್ಲೆಲ್ಲ ‘ಗಾಯ’ ಎಂದು, ‘ಗುರಿ’ ಎಂದಿದ್ದಲ್ಲೆಲ್ಲ ‘ಮೈ’ ಎಂದು. ತಪ್ಪು ಅನುವಾದವೆಂದು ವಾಪಸು ಕಳಿಸುತ್ತಿದ್ದರು. ಆ ವಿಡಿಯೊದ ಬಗ್ಗೆ ಕನ್ನಡದಲ್ಲಿ ನಿಜ ಹೇಳಲು ನನಗೆ ಬೇರೆ ಪದಗಳು ಸಿಗಲಿಲ್ಲ. ಹುಡುಗನಿಗೆ ಈ ಲೇಖನದ ಕೊಂಡಿ ಕಳಿಸುತ್ತಿದ್ದೇನೆ. ಮುಂದಿನ ಕೆಲಸ ಮರಗೆಲಸದ್ದಾದರೆ ರೇಟು ಸ್ವಲ್ಪ ಇಳಿಸಿಯೂ ಮಾಡಿಕೊಡುತ್ತೇನೆ.