ಫೆಸ್ ನಗರವನ್ನು ತಾರಸಿಯಿಂದ ನೋಡುವವರಿಗೆ

ಪ್ರವಾಸ ಸಾಹಿತ್ಯದ ಮಾತು ಬಂದಾಗಲೆಲ್ಲ ನಮ್ಮ ತರಗತಿಗಳಲ್ಲಿ ಇಬ್ನ್ ಬತೂತನ ಹೆಸರು ಬಂದೇ ಬರುತ್ತದೆ. ಹದಿನಾಲ್ಕನೆಯ ಶತಮಾನದ ಈ ಮೊರಾಕ್ಕೊ ಯಾತ್ರಿಕನು ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಏಳಿಮಲೆಯತ್ತ ಸಾಗಿದವನು. ಅವನ ಹಡಗು ನಮ್ಮ ಕಾಸರಗೋಡಿನ ಕಡಲಂಚನ್ನು ಹಾದೇ ಹೋಗಿರಬೇಕು. ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಪಾಠಶಾಲೆಗಳನ್ನು ಕಂಡೆನೆಂಬ ಅವನ ಮಾತನ್ನು ಪ್ರಬಂಧಗಳಲ್ಲಿ ಹೆಮ್ಮೆಯಿಂದ ಉದ್ಧರಿಸುತ್ತೇವೆ. ಆ ಮಾತು ಬರಹಕ್ಕಿಳಿದ ಊರು ಯಾವುದೆಂದು ಕೇಳಿದರೆ ಮಾತ್ರ ತರಗತಿ ಮೌನವಾಗುತ್ತದೆ.

ಆ ಊರು ಫೆಸ್. ಮರೀನಿ ವಂಶದ ಸುಲ್ತಾನ ಅಬೂ ಇನಾನನ ಆಜ್ಞೆಯಂತೆ ಯಾತ್ರಿಕನು ಹೇಳುತ್ತ ಹೋದ, ಇಬ್ನ್ ಜುಝಯ್ ಎಂಬ ವಿದ್ವಾಂಸ ಬರೆದುಕೊಂಡ. 1355ರ ಕೊನೆಗೆ ಗ್ರಂಥ ಮುಗಿಯಿತು. ನಮ್ಮ ಕರಾವಳಿಯನ್ನು ಕಂಡು ಆಗಲೇ ಹತ್ತು ವರ್ಷಗಳ ಮೇಲಾಗಿತ್ತು. ಹೊನ್ನಾವರ, ಬಾರ್ಕೂರುಗಳ ನಡುವಣ ಒಂದು ಸಣ್ಣ ದ್ವೀಪದ ಬಳಿ ಕಡಲುಗಳ್ಳರು ಅವನ ಸರ್ವಸ್ವವನ್ನೂ ದೋಚಿದ್ದರು. ಬುಖಾರದಲ್ಲಿ ಗೋರಿಗಳ ಮೇಲಿನ ಬರಹಗಳಿಂದ ಮಾಡಿಕೊಂಡಿದ್ದ ಪ್ರತಿಗಳೂ ಕಡಲಿನ ದರೋಡೆಯಲ್ಲಿ ಹೋದವೆಂದು ಅವನೇ ಹೇಳಿಕೊಂಡಿದ್ದಾನೆ. ಹೀಗಾಗಿ ಫೆಸ್‌ನಲ್ಲಿ ಅವನ ನೆರವಿಗಿದ್ದುದು ಹೆಚ್ಚಾಗಿ ನೆನಪೇ. ಲಿಪಿಕಾರನಂತೂ ಡಮಾಸ್ಕಸ್, ಮೆಕ್ಕಾಗಳ ವರ್ಣನೆಗೆ ತನಗಿಂತ ಹಿಂದಿನ ಇಬ್ನ್ ಜುಬೈರನ ಪ್ರವಾಸ ಗ್ರಂಥದಿಂದ ಧಾರಾಳವಾಗಿ ಎತ್ತಿಕೊಂಡಿದ್ದಾನೆ. (ಇಂದಿನ ವಿದ್ಯಾರ್ಥಿಯಾಗಿದ್ದರೆ ಆಂತರಿಕ ಅಂಕ ಸಿಗುತ್ತಿರಲಿಲ್ಲ.)

ಇಂತಹ ನಗರವನ್ನು ನೋಡಲು ಹೋದವರು ನೋಡುವುದೇನನ್ನು? ಬಹುಪಾಲು ಜನ ಮೊದಲು ನೀಲಿ ಬಿಲ್ಲೆಗಳ ಬಾಬ್ ಬೂ ಜಲೂದ್ ಮಹಾದ್ವಾರದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಹೊರಮುಖ ನೀಲಿ, ಒಳಮುಖ ಹಸಿರು, ಚೆಲುವಾಗಿಯೇ ಇದೆ. ಆದರೆ ‘ಮಧ್ಯಯುಗದ ಹೆಬ್ಬಾಗಿಲು’ ಎಂದು ಭ್ರಮಿಸಲಾಗುವ ಈ ಕಟ್ಟಡ ಎದ್ದದ್ದು 1913ರಲ್ಲಿ, ಫ್ರೆಂಚರ ಆಳ್ವಿಕೆ ಬಂದ ಮೇಲೆ. ಅಲ್ಲಿಂದ ನೇರ ಶುವಾರಾದ ಚರ್ಮ ಹದಮಾಡುವ ಹೊಂಡಗಳಿಗೆ ಪಯಣ. ಸುತ್ತಲಿನ ಚರ್ಮದಂಗಡಿಗಳ ತಾರಸಿಯಲ್ಲಿ ನಿಂತವರ ಕೈಗೆ, ಮೂಗಿಗೆ ಹಿಡಿದುಕೊಳ್ಳಲೆಂದು ಪುದೀನದ ಎಳೆ ಬರುತ್ತದೆ. ಕೆಳಗೆ ಸುಣ್ಣ, ಪಾರಿವಾಳದ ಹಿಕ್ಕೆ, ಬಣ್ಣದ ನೀರು. ಅದರೊಳಗೆ ಬರಿಗಾಲಿನಲ್ಲಿ ಮೊಣಕಾಲಿನವರೆಗೆ ಇಳಿದು ತೊಗಲು ತುಳಿಯುವ ಮನುಷ್ಯರು. ಅವರಿಗೆ ಪುದೀನವಿಲ್ಲ. ತಾರಸಿಯಿಂದ ನೋಡಿದರೆ ಅದು ಬಣ್ಣದ ಪೆಟ್ಟಿಗೆಯಂತೆ ಕಾಣುತ್ತದೆ, ದುಡಿಮೆಯಂತೆ ಕಾಣುವುದಿಲ್ಲ. ನನ್ನ ಆಕ್ಷೇಪ ಇಷ್ಟೇ: ಈ ಕ್ರಮದಲ್ಲಿ ಫೆಸ್ಸನ್ನು ಕಂಡವನು ‘ಕಾಲ ನಿಂತುಹೋದ ನಗರ’ ಎಂದು ಬರೆಯುತ್ತಾನೆ, ಮತ್ತು ಅದು ಸುಳ್ಳು.

ಕಾಲ ಅಲ್ಲಿ ಎಂದೂ ನಿಂತದ್ದಿಲ್ಲ. ಒಂಬತ್ತನೆಯ ಶತಮಾನದಲ್ಲಿ ನದಿಯ ಒಂದು ದಡಕ್ಕೆ ಸ್ಪೇನಿನ ಕೊರ್ಡೊಬಾದಿಂದ ಹೊರದೂಡಲ್ಪಟ್ಟವರು, ಇನ್ನೊಂದು ದಡಕ್ಕೆ ಟ್ಯುನೀಷಿಯದ ಕೈರವಾನ್‌ನಿಂದ ಬಂದವರು ನೆಲಸಿದರು. 859ರಲ್ಲಿ ಫಾತಿಮಾ ಅಲ್-ಫಿಹ್ರಿ ಎಂಬಾಕೆ ಕಟ್ಟಿಸಿದಳೆಂದು ಪರಂಪರೆ ಹೇಳುವ ಅಲ್-ಕರವಿಯ್ಯೀನ್ ಮಸೀದಿ ಹಾಗೂ ವಿದ್ಯಾಕೇಂದ್ರ ಇಂದಿಗೂ ಆ ಎರಡನೆಯವರ ಊರಿನ ಹೆಸರನ್ನೇ ಹೊತ್ತಿದೆ. ಎದುರು ದಡ ಇಂದಿಗೂ ಆಂದಲೂಸಿಗಳ ಕೇರಿ. ಬಿಟ್ಟು ಬಂದ ಊರಿನ ಹೆಸರು ಸಾವಿರದ ಇನ್ನೂರು ವರ್ಷ ಬಾಳಬಲ್ಲದೆಂಬುದು ಗಡಿಯಲ್ಲಿ ಬದುಕುವ ನಮಗೆ ಸಣ್ಣ ಸಂಗತಿಯಲ್ಲ.

ಮಸೀದಿಯೊಳಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. ಬಾಗಿಲಲ್ಲಿ ನಿಂತು ಅಂಗಳವನ್ನು ಕಣ್ಣಲ್ಲಿ ತುಂಬಿಕೊಳ್ಳಬೇಕು. ಇದಕ್ಕೆ ಬೇಸರಿಸುವುದು ಸಲ್ಲದು. ಯಾತ್ರಿಕನ ಗ್ರಂಥಕ್ಕೆ ಆಜ್ಞೆಯಿತ್ತ ಸುಲ್ತಾನನೇ ಕಟ್ಟಿಸಿದ ಬೂ ಇನಾನಿಯಾ ಮದರಸಾ ಎಲ್ಲರಿಗೂ ತೆರೆದಿದೆ. ಕೆಳಗೆ ಬಣ್ಣದ ಬಿಲ್ಲೆ, ನಡುವೆ ಗಾರೆಯ ಕೆತ್ತನೆ, ಮೇಲೆ ದೇವದಾರಿನ ಮರಗೆಲಸ. ಎದುರಿನ ಗೋಡೆಯಲ್ಲಿ ಆ ಕಾಲದ ಜಲಗಡಿಯಾರವೊಂದರ ಅವಶೇಷವಿದೆ. ಅದು ಹೇಗೆ ನಡೆಯುತ್ತಿತ್ತೆಂಬ ವಿದ್ಯೆ ಇಂದು ಅಳಿದುಹೋಗಿದೆ. ಕರವಿಯ್ಯೀನ್ ಗ್ರಂಥಾಲಯದ ಪಕ್ಕದ ಸಫ್ಫಾರೀನ್ ಚೌಕದಲ್ಲಿ ತಾಮ್ರದ ಹಂಡೆಗಳನ್ನು ಬಡಿಯುವ ಸದ್ದು ಮಾತ್ರ ಇನ್ನೂ ಕೇಳುತ್ತದೆ. ಈ ಗ್ರಂಥಾಲಯಕ್ಕೆ ಇಬ್ನ್ ಖಲ್ದೂನನು ತನ್ನ ಇತಿಹಾಸ ಗ್ರಂಥದ ಪ್ರತಿಯನ್ನು ಕೊಟ್ಟಿದ್ದ. ಇತ್ತೀಚೆಗೆ ಅದನ್ನು ಜೀರ್ಣೋದ್ಧಾರ ಮಾಡಿದ ವಾಸ್ತುಶಿಲ್ಪಿ ಅಝೀಝಾ ಶವೂನಿ, ಅದೇ ಊರಿನಲ್ಲಿ ಹುಟ್ಟಿದವರು.

ಹಳೆಯ ನಗರ ಹಳೆಯದಾಗಿಯೇ ಉಳಿದುದಕ್ಕೂ ಒಂದು ಚರಿತ್ರೆಯಿದೆ. 1912ರಲ್ಲಿ ಫ್ರೆಂಚರು ದೇಶವನ್ನು ತಮ್ಮ ರಕ್ಷಣೆಗೊಳಪಡಿಸಿಕೊಂಡ ಒಪ್ಪಂದಕ್ಕೆ ಸಹಿಬಿದ್ದುದು ಇದೇ ಫೆಸ್‌ನಲ್ಲಿ. ಅವರ ಅಧಿಪತಿ ಲ್ಯೋತೆ ಹಳೆಯ ಪೇಟೆಗಳನ್ನು ಮುಟ್ಟದೆ, ಯುರೋಪಿನವರಿಗೆ ಹೊರಗೆ ಹೊಸ ನಗರಗಳನ್ನು ಕಟ್ಟಿಸಿದ. ಸಂರಕ್ಷಣೆಯೂ ಹೌದು, ಬೇರ್ಪಡಿಕೆಯೂ ಹೌದು. 1956ರಲ್ಲಿ ಸ್ವಾತಂತ್ರ್ಯ ಬರುವ ಆಸುಪಾಸಿನಲ್ಲಿ ಉಳ್ಳವರು ಹೊಸ ನಗರಕ್ಕೂ ಕಾಸಾಬ್ಲಾಂಕಾಕ್ಕೂ ಹೊರಟರು. ಅವರ ಅಂಗಳದ ಮನೆಗಳಿಗೆ ಹಳ್ಳಿಯ ಬಡವರು ಬಂದು ಸೇರಿದರು. 1981ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ಈ ನಗರವನ್ನು.

ಪ್ರವಾಸಿಗರ ಹಣವೇ ಈ ಕಸುಬುಗಳನ್ನು ಉಳಿಸಿದೆಯಲ್ಲ ಎಂದು ಕೇಳುವವರಿದ್ದಾರೆ. ಒಪ್ಪಲೇಬೇಕಾದ ಮಾತು. ತಾರಸಿಯ ಅಂಗಡಿಯಲ್ಲಿ ಚೀಲ ಮಾರಾಟವಾಗದಿದ್ದರೆ ಹೊಂಡದಲ್ಲಿ ಕೆಲಸವಿರದು. ಆದರೆ ಕೊಳ್ಳುವುದು ಬೇರೆ, ಬರೆಯುವುದು ಬೇರೆ. ಪ್ರವಾಸಕಥನ ಬರೆಯ ಹೊರಟವನು ಇಕ್ಕಟ್ಟಾದ ಓಣಿಯಲ್ಲಿ ‘ಬಾಲಕ್, ಬಾಲಕ್’ ಎಂದು ಕೂಗುತ್ತ ಬರುವ ಕತ್ತೆಯವನಿಗೆ ಗೋಡೆಗೊರಗಿ ದಾರಿ ಬಿಟ್ಟ ಮೇಲೆ, ಆ ಹೊರೆಯಲ್ಲಿ ಏನಿತ್ತು, ಅದು ಯಾರ ಮನೆಗೆ ಹೋಯಿತು ಎಂದೂ ಕೇಳಬೇಕು.

ಇಬ್ನ್ ಬತೂತನೂ ನಮ್ಮ ಕರಾವಳಿಯನ್ನು ಸ್ವಲ್ಪ ತಾರಸಿಯಿಂದಲೇ ನೋಡಿದವನು. ಹೊನ್ನಾವರದ ಹೆಂಗಸರ ಹೊಲಿಯದ ಉಡುಗೆ, ಮೂಗಿನ ಚಿನ್ನದ ಉಂಗುರ ಅವನಿಗೆ ಸೋಜಿಗವಾಗಿ ಕಂಡಿದ್ದವು. ಆದರೆ ಅದರ ಪಕ್ಕದಲ್ಲೇ ಅವನು ಶಾಲೆಗಳ ಲೆಕ್ಕವನ್ನೂ ಹೇಳಿದ. ನಮ್ಮಲ್ಲಿ ಯಾರಾದರೂ ಫೆಸ್‌ಗೆ ಹೋದರೆ ಸಫ್ಫಾರೀನ್ ಚೌಕದಲ್ಲಿ ಒಂದು ಬೆಳಗು ಕುಳಿತು, ಸುತ್ತಿಗೆ ಹಿಡಿದವರಲ್ಲಿ ಇಪ್ಪತ್ತು ದಾಟದವರು ಎಷ್ಟು ಮಂದಿ ಎಂದು ಎಣಿಸಿ ಬರಲಿ.