ಹಿಮದ ನಾಡಿಗೆ ಎಂಥ ನಾಯಕ?

ಅಂತೂರ ಬೆಂತೂರದ ಎರೆಹೊಲದವನಿಗೆ ಹಿಮದ ವಿಡಿಯೋ ಗೇಮಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಪಾತ್ರರಚನೆ ಸಾಹಿತ್ಯದ ಮಾತು. ಅದಕ್ಕಾಗಿಯೇ ಈ ಗೊಡವೆ.

ಅಂಥ ಆಟಕ್ಕೆಂದು ನನ್ನ ವಿದ್ಯಾರ್ಥಿಯೊಬ್ಬನು ಚಿತ್ರಿಸಿದ ನಾಯಕನನ್ನು ಕಂಡೆ: ಬರಿಮೈ, ಉಬ್ಬಿದ ತೋಳು, ಕೊಂಬಿನ ಶಿರಸ್ತ್ರಾಣ. ಚಳಿ ಅವನನ್ನು ಮುಟ್ಟಿಯೇ ಇಲ್ಲ! ಕ್ಷೇಮೇಂದ್ರನು ಹೇಳಿದ ಔಚಿತ್ಯವೆಲ್ಲಿ? “ಆಟಕ್ಕೆ ಇಷ್ಟು ಸಾಕಲ್ರೀ ಸರ್” ಎಂದನು. ಸಾಲದು.

ಅಲಾಸ್ಕದ ಇನ್ಯೂಪಿಯಾಟ್ ಜನರು ಜೊತೆಗೂಡಿ ನಿರ್ಮಿಸಿದ, 2014ರ ‘ನೆವರ್ ಅಲೋನ್’ ಆಟದ ನಾಯಕಿ ನೂನಾ ಒಬ್ಬ ಎಳೆಯ ಹುಡುಗಿ. ತುಪ್ಪುಳಿನ ಉಡುಪು, ಸಂಗಡ ಒಂದು ಬಿಳಿ ನರಿ. ಹಿಮಗಾಳಿ ಬೀಸಿದರೆ ಮೈ ಕುಗ್ಗಿಸಿ ನಿಲ್ಲುತ್ತಾಳೆ. ಹಿರಿಯರನ್ನು ಕೇಳಿ ಕಟ್ಟಿದ ಪಾತ್ರವದು.

ನಮಗೆ ಕೇಳಲು ಯಾರಿದ್ದಾರೆ ಎನ್ನಬೇಡಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಹಿಮದಡಿ ಹೂತುಹೋಗಿ, ಆರನೆಯ ದಿನ ಜೀವಂತ ದೊರೆತು, 11ರಂದು ತೀರಿಕೊಂಡ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ನೆರೆಯ ಧಾರವಾಡ ಜಿಲ್ಲೆಯ ಬೆಟದೂರಿನವರು. ಅವರನ್ನು ಆಟದ ಬೊಂಬೆ ಮಾಡಬೇಕೆಂದಲ್ಲ, ಅದು ಅಪಚಾರ. ಆದರೆ ಹಿಮದಲ್ಲಿ ಕಾವಲಿದ್ದು ಮರಳಿದ ಸೈನಿಕರು ನಮ್ಮ ಸೀಮೆಯಲ್ಲಿದ್ದಾರೆ. ಅವರ ಮನೆಯ ಕಟ್ಟೆಯ ಮೇಲೆ ಕುಳಿತು, ಬೆರಳು ಹೇಗೆ ಮರಗಟ್ಟುತ್ತದೆ, ಉಸಿರು ಹೇಗೆ ಸಾಲದಾಗುತ್ತದೆ ಎಂದು ಕೇಳಿರಿ. ಕೊಡಲಿಯನ್ನು ಆಮೇಲೆ ಬರೆಯಬಹುದು.