ಚೈನು ಸವೆಯೋದು ಹಣೆಬರಹ ಅಲ್ಲ ಸ್ವಾಮಿ!

"ಮಷಿನ್ ಅಂದ್ಮ್ಯಾಲೆ ಸವಿಯಾದೆ ಐತ್ರಿ, ಅದಕ್ಯಾಕ ತಲಿ ಕೆಡಿಸ್ಕಂತೀರಿ?"

ನಮ್ಮ ಸಿರವಾರ, ಮಾನ್ವಿ, ಸಿಂಧನೂರು ಕಡೆ ಭತ್ತ ಕೊಯ್ಯೋ ಚೈನ್ ಮಷಿನ್ ಇಟ್ಟವರಲ್ಲಿ ಹತ್ತರಲ್ಲಿ ಒಂಬತ್ತು ಜನ ಹೇಳೋ ಮಾತು ಇದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಸವೆಯುತ್ತೆ ಅನ್ನೋದು ನಿಜ. ಆದರೆ ಮೂರು ಸುಗ್ಗಿ ಬಾಳಬೇಕಾದ ಚೈನು ಒಂದೂವರೆ ಸುಗ್ಗಿಗೇ ಹರಿದು ಹೋದರೆ ಅದನ್ನ ಹಣೆಬರಹ ಅಂತ ಕರೆಯೋದು ಸೋಮಾರಿತನ. ಈ ಸೋಮಾರಿತನದ ಬಿಲ್ ಯಾರು ಕಟ್ಟುತ್ತಾರೆ ಅಂದರೆ, ಕೊನೆಗೆ ಗದ್ದೆಯ ರೈತನೇ. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ, ಸ್ವಲ್ಪ ಸಹಿಸಿಕೊಳ್ಳಿ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸಿರವಾರ ಮೊದಲು ಮಾನ್ವಿ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ಊರುಗಳು ನಮ್ಮವು. ನೀರು ಬಂದ ವರ್ಷ ಸೋನಾ ಮಸೂರಿ, ಬಾರದ ವರ್ಷ ಆಕಾಶ ನೋಡೋದು. ಬಹಳಷ್ಟು ಕಡೆ ಎರೆ ಭೂಮಿ. ಕೊಯ್ಲಿಗೆ ಬಂದಾಗಲೂ ಗದ್ದೆಯಲ್ಲಿ ಹಸಿ ಆರಿರಲ್ಲ, ಟೈರ್ ಮಷಿನ್ ಇಳಿಸಿದರೆ ಹೂತು ಕೂಡುತ್ತೆ. ಆದ್ದರಿಂದ ರಬ್ಬರ್ ಪಟ್ಟಿಯ ಮೇಲೆ ಓಡೋ ಮಷಿನ್ ಬೇಕು. ಕೆಲವರು ಬೆಲ್ಟ್ ಮಷಿನ್ ಅಂತಾರೆ, ನಾವು ಚೈನ್ ಮಷಿನ್ ಅಂತೀವಿ. ರಬ್ಬರಿನ ಒಳಗೆ ಉಕ್ಕಿನ ತಂತಿ, ಅದರ ಜೊತೆ ಸಾಲಾಗಿ ಕಬ್ಬಿಣದ ತುಂಡುಗಳು. ಸ್ಪ್ರಾಕೆಟ್ ಹಲ್ಲು ಆ ಕಬ್ಬಿಣವನ್ನ ಹಿಡಿದು ಎಳೆಯುತ್ತೆ. ಮಷಿನ್ನಿನ ಪೂರಾ ಭಾರ ಕೆಳಗಿನ ರೋಲರ್‌ಗಳ ಮೂಲಕ ಪಟ್ಟಿಯ ಮೇಲೆ ಕೂತಿರುತ್ತೆ.

ನಾನು ಮೆಕ್ಯಾನಿಕ್ ಅಲ್ಲ. ನಮ್ಮ ಕಾಕನ ಮಗ ಮತ್ತು ನಾನು ಪಾಲಿನಲ್ಲಿ ಒಂದು ಮಷಿನ್ ಇಟ್ಟಿದ್ದೀವಿ, ಅದರ ಲೆಕ್ಕ ಬರೆಯೋನು ನಾನು. ಲೆಕ್ಕ ಬರೆಯೋನಿಗೆ ಒಂದು ಲಾಭ ಇದೆ, ದುಡ್ಡು ಎಲ್ಲಿ ಸೋರುತ್ತೆ ಅನ್ನೋದು ಮೊದಲು ಅವನ ಕಣ್ಣಿಗೆ ಬೀಳುತ್ತೆ. ಡೀಸೆಲ್ ಬಿಟ್ಟರೆ ದೊಡ್ಡ ತೂತು ಈ ಕೆಳಗಿನ ಭಾಗವೇ. ಚೈನು, ರೋಲರ್, ಬೇರಿಂಗು, ಸ್ಪ್ರಾಕೆಟ್.

ಈಗ ಒಂದು ಸಣ್ಣ ಲೆಕ್ಕ ಮಾಡೋಣ ಬನ್ನಿ. ಕಟರ್ ಅಗಲ 2 ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಎಕರೆ ಅಂದ್ರೆ 4047 ಚದರ ಮೀಟರ್. ಭಾಗಿಸಿ ನೋಡಿ. ಒಂದು ಎಕರೆ ಕೊಯ್ಯೋಕೆ ಮಷಿನ್ ಹೆಚ್ಚುಕಡಿಮೆ 2 ಕಿ.ಮೀ. ಓಡಬೇಕು. ಅಂದಮೇಲೆ ರಸ್ತೆ ಮೇಲೆ ಸುಮ್ಮನೆ ಓಡಿಸಿದ ಪ್ರತಿ 2 ಕಿ.ಮೀ. ಅಂದ್ರೆ ಬಾಡಿಗೆ ಇಲ್ಲದೆ ಒಂದು ಎಕರೆ ಕೊಯ್ದ ಹಾಗೆ! ದಿನಕ್ಕೆ 4 ಕಿ.ಮೀ. ಹಿಂಗೆ ಅಲೆದಾಡಿದರೆ 25 ದಿನದ ಸುಗ್ಗಿಗೆ 100 ಕಿ.ಮೀ., ಅಂದರೆ 50 ಎಕರೆ. ಐವತ್ತು ಎಕರೆ ಪುಕ್ಕಟೆ ಕೊಯ್ದು ಕೊಡ್ತೀರಾ ಅಂತ ಯಾರಾದರೂ ಕೇಳಿದರೆ ಹೊಡೆಯೋಕೆ ಹೋಗ್ತೀವಿ. ಆದರೆ ಡಾಂಬರು ರಸ್ತೆಗೆ ಅದನ್ನೇ ಪ್ರತಿ ವರ್ಷ ಕೊಡ್ತಾ ಇದ್ದೀವಿ.

ಇದು ಬರೀ ದೂರದ ಲೆಕ್ಕ. ನಿಜ ಇನ್ನೂ ಕೆಟ್ಟದಾಗಿದೆ. ಗದ್ದೆಯ ಹಸಿ ನೆಲ ಪಟ್ಟಿಯನ್ನ ಹಾಸಿಗೆ ಥರ ಹಿಡಿಯುತ್ತೆ, ಭಾರ ಎಲ್ಲ ಕಡೆ ಹಂಚಿ ಹೋಗುತ್ತೆ. ಡಾಂಬರಿನ ಮೇಲೆ ಹಂಗಲ್ಲ, ರಬ್ಬರಿನ ಗುಬ್ಬಿಗಳಷ್ಟೇ ನೆಲ ಮುಟ್ಟುತ್ತವೆ, ರೋಲರ್ ಒಂದು ಗುಬ್ಬಿಯಿಂದ ಇನ್ನೊಂದಕ್ಕೆ ಕುಟ್ಟಿಕೊಂಡು ಹೋಗುತ್ತೆ. 90 ಮಿ.ಮೀ. ಪಿಚ್ಚಿನ 50 ಕೊಂಡಿಗಳ ಪಟ್ಟಿ ಅಂದ್ರೆ 4.5 ಮೀಟರ್ ಸುತ್ತಳತೆ. 3 ಕಿ.ಮೀ. ಹೋದರೆ ಅದು ಸುಮಾರು 667 ಸುತ್ತು ಹಾಕುತ್ತೆ. ಒಂದು ಬದಿಗೆ ಐದು ರೋಲರ್ ಇದ್ದರೆ ಪ್ರತಿ ಕೊಂಡಿಯ ಮೇಲೆ 3300ಕ್ಕೂ ಹೆಚ್ಚು ಸಲ ಪೆಟ್ಟು. ಪಟ್ಟಿಯೊಳಗಿನ ತಂತಿಗೂ ಜೀವ ಇದೆಯಲ್ಲಾ ಸ್ವಾಮಿ!

ಇನ್ನು ಸವೆತದ ವಿಷಯ. 1953ರಲ್ಲಿ ಆರ್ಚರ್ಡ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಒಂದು ಸರಳ ಸೂತ್ರ ಕೊಟ್ಟ. ಎರಡು ವಸ್ತು ಒಂದರ ಮೇಲೊಂದು ಜಾರಿದಾಗ ಆಗೋ ಸವೆತ, ಭಾರ ಮತ್ತು ಜಾರಿದ ದೂರ ಹೆಚ್ಚಾದಂತೆ ಹೆಚ್ಚುತ್ತೆ, ವಸ್ತು ಗಡಸಾದಂತೆ ಕಡಿಮೆಯಾಗುತ್ತೆ. ಇಲ್ಲಿ 'ಜಾರಿದ' ಅನ್ನೋ ಮಾತು ಗಮನಿಸಿ. ಉರುಳಿದರೆ ಸವೆತ ಕಡಿಮೆ, ಜಾರಿದರೆ ಬಹಳ. ರೋಲರ್ ಇರೋದೇ ಜಾರೋದನ್ನ ಉರುಳೋದಾಗಿ ಮಾಡೋಕೆ. ಹುಲ್ಲು ರೋಲರ್ ಗುಂಭಕ್ಕೆ ಸುತ್ತಿಕೊಂಡು ಆಯಿಲ್ ಸೀಲ್ ಕಿತ್ತಿತು ಅಂದುಕೊಳ್ಳಿ. ಒಳಗಿನ ಆಯಿಲ್ ಸೋರಿತು, ಮಣ್ಣು ಒಳಗೆ ಹೋಯ್ತು, ಬೇರಿಂಗು ಹಿಡಿದುಕೊಳ್ತು. ಅಲ್ಲಿಗೆ ಉರುಳಬೇಕಾದ ರೋಲರ್ ಜಾರೋ ಕಬ್ಬಿಣದ ದಿಮ್ಮಿ ಆಯ್ತು. ಒಂದು ಸೀಲಿನ ದುಡ್ಡು ಉಳಿಸೋಕೆ ಹೋಗಿ ಇಡೀ ಪಟ್ಟಿಗೆ ಅರ ಹಾಕಿದ ಹಾಗಾಯ್ತು.

ಅಂದ ಹಾಗೆ, ಹಿಮದ ದೇಶಗಳಲ್ಲೂ ಇಂಥದೇ ಗೋಳಿದೆ. ಕೆನಡಾದ ಬೊಂಬಾರ್ಡಿಯೇ 1959ರಲ್ಲಿ ಸ್ಕೀ-ಡೂ ಅನ್ನೋ ಸ್ನೋಮೊಬೈಲ್ ಮಾರೋಕೆ ಶುರು ಮಾಡಿದ. ಇವತ್ತಿನ ಸ್ನೋಮೊಬೈಲ್‌ಗಳಲ್ಲೂ ಹಿಂದೆ ರಬ್ಬರ್ ಪಟ್ಟಿಯೇ ಇರುತ್ತೆ. ಅದು ಎರಡು ಉದ್ದನೆ ಹಳಿಗಳ ಕೆಳಗೆ ಜಾರುತ್ತೆ, ಹಳಿಗೆ ಪ್ಲಾಸ್ಟಿಕ್ ಪಟ್ಟಿ ಹೊದಿಸಿರುತ್ತಾರೆ. ಆ ಪ್ಲಾಸ್ಟಿಕ್ಕಿಗೆ ತಂಪು ಕೊಡೋದೂ ಹಿಮ, ಜಾರಿಕೆ ಕೊಡೋದೂ ಹಿಮ. ಹಿಮ ಕಡಿಮೆ ಇರೋ ಗಟ್ಟಿ ಮಂಜುಗಡ್ಡೆ ಮೇಲೆ ಓಡಿಸಿದರೆ ಪ್ಲಾಸ್ಟಿಕ್ ಬಿಸಿಯಾಗಿ ಕರಗೋಕೆ ಶುರು. ಅದಕ್ಕೆ ಅವರೇನು ಮಾಡ್ತಾರೆ ಗೊತ್ತಾ? ಮಂಜನ್ನ ಕೆರೆದು ಹಳಿ ಮೇಲೆ ಎರಚೋ ಸ್ಪ್ರಿಂಗ್ ಕಡ್ಡಿ ಕಟ್ಟುತ್ತಾರೆ, ಹೆಚ್ಚಿನ ಗಾಲಿ ಹಾಕ್ತಾರೆ, ಪಟ್ಟಿಯ ಬಿಗಿ ಅಳೆದು ನೋಡ್ತಾರೆ, ಹಿಮ ಇಲ್ಲದ ದಾರಿಗೆ ಟ್ರೈಲರ್ ಮೇಲೆ ಹೇರಿಕೊಂಡು ಹೋಗ್ತಾರೆ. ಭಾನುವಾರದ ಮೋಜಿಗೆ ಅವರು ತೋರಿಸೋ ಕಾಳಜಿಯನ್ನ ನಾವು ಹೊಟ್ಟೆಪಾಡಿನ ಮಷಿನ್ನಿಗೆ ತೋರಿಸಲ್ಲ. ನಾಚಿಕೆ ಆಗಬೇಕಲ್ವಾ?

ಇಲ್ಲಿ ಒಬ್ಬರು ಬುದ್ಧಿವಂತರು ಹೇಳ್ತಾರೆ, "ಅವರಿಗೆ ಹಿಮ ಇದ್ದಂಗ ನಮಗ ಕೆಸರು ಐತಲ್ಲ, ಅದೇ ಗ್ರೀಸು!" ಸುಳ್ಳು. ನಮ್ಮ ಕಡೆ ಬೆಟ್ಟವೆಲ್ಲ ಕಣಶಿಲೆ. ಅದು ಪುಡಿಯಾಗಿ ಬಂದ ಮರಳಿನಲ್ಲಿ ಬೆಣಚುಕಲ್ಲಿನ ಕಣ ಇರುತ್ತೆ. ಬೆಣಚುಕಲ್ಲಿನ ಗಡಸುತನ ಮೋಹ್ಸ್ ಅಳತೆಯಲ್ಲಿ 7, ಸಾಮಾನ್ಯ ಕಬ್ಬಿಣಕ್ಕಿಂತ ಎಷ್ಟೋ ಗಡಸು. ಕೆಸರು ಅಂದ್ರೆ ನೀರಿನಲ್ಲಿ ಕಲಸಿದ ಉಪ್ಪುಕಾಗದ. ಇನ್ನು ಕೆಲವರು ಪಟ್ಟಿಗೆ ಸುಟ್ಟ ಆಯಿಲ್ ಸುರೀತಾರೆ. ಆಯಿಲ್ ರಬ್ಬರನ್ನ ಉಬ್ಬಿಸಿ ಮೆತ್ತಗೆ ಮಾಡುತ್ತೆ, ಮೇಲಿಂದ ಮರಳನ್ನ ಅಂಟಿಸಿಕೊಳ್ಳುತ್ತೆ. ಔಷಧಿ ಅಂತ ವಿಷ ಕುಡಿಸೋದು ಅಂದ್ರೆ ಇದೇ.

ಇನ್ನೊಂದು ಮಹಾ ನಂಬಿಕೆ, "ಚೈನು ಬಿಗಿ ಇದ್ದಷ್ಟೂ ಚಲೋ." ಸಡಿಲ ಇದ್ದರೆ ಕಳಚಿ ಬೀಳುತ್ತೆ, ಒಪ್ಪಿದೆ. ಆದರೆ ಅತಿ ಬಿಗಿ ಮಾಡಿದರೆ ಆ ಎಳೆತವೆಲ್ಲ ಐಡ್ಲರ್, ಬೇರಿಂಗು, ಸ್ಪ್ರಾಕೆಟ್ ಮೇಲೆ ಹಗಲೂ ರಾತ್ರಿ ಕೂತಿರುತ್ತೆ. ಎರೆ ಮಣ್ಣು ಒಳಗೆ ತುಂಬಿಕೊಂಡರೆ ಬಿಗಿ ತಾನಾಗಿಯೇ ಇನ್ನೂ ಏರುತ್ತೆ, ಒಣಗಿದರೆ ಇಟ್ಟಿಗೆ. ಬಿಗಿ ನೋಡೋ ಕ್ರಮ ಒಂದೇ. ಮಣ್ಣು ತೆಗೆದು, ಮಷಿನ್ ಎತ್ತಿ, ಪಟ್ಟಿ ಎಷ್ಟು ಜೋಲುತ್ತೆ ಅಂತ ಅಳೆದು, ಪುಸ್ತಕದಲ್ಲಿ ಹೇಳಿದಷ್ಟಕ್ಕೆ ನಿಲ್ಲಿಸೋದು. ಕಾಲಿಂದ ಒದ್ದು ನೋಡೋದಲ್ಲ!

ಪುಸ್ತಕ ಅಂದೆ. ನಮಗೆ ಮಷಿನ್ ಮಾರಿದವರು (ಹೆಸರು ಬೇಡ ಬಿಡಿ) ಕೊಟ್ಟ ಪುಸ್ತಕ ಇಂಗ್ಲಿಷಿನಲ್ಲಿದೆ. ಕನ್ನಡದ್ದು ಕೇಳಿದರೆ "ಡ್ರೈವರ್‌ಗೆ ಎಲ್ಲಾ ಗೊತ್ತಿರ್ತದ್ರಿ" ಅಂದರು. ಲಕ್ಷಗಟ್ಟಲೆ ದುಡ್ಡಿನ ಮಷಿನ್, ಅದನ್ನ ಓಡಿಸೋ ಹುಡುಗನಿಗೆ ಅವನ ಭಾಷೆಯಲ್ಲಿ ನಾಲ್ಕು ಪುಟ ಕೊಡೋಕೆ ಇವರಿಗೆ ಆಗಲ್ಲ. ಆದರೆ ಚೈನು ಹರಿದ ದಿನ ಹೊಸದರ ರೇಟು ಮಾತ್ರ ಅಚ್ಚ ಕನ್ನಡದಲ್ಲಿ ಹೇಳ್ತಾರೆ.

ಡ್ರೈವರ್ ಹುಡುಗರನ್ನ ಬೈಯೋದು ಸುಲಭ. ನಾನು ಬೈಯಲ್ಲ. ಅವರಿಗೆ ಪಗಾರ ಕೊಡೋದು ಓಡಿದ ಗಂಟೆಗೆ, ಕೊಯ್ದ ಎಕರೆಗೆ. ರಾತ್ರಿ ಹತ್ತು ಗಂಟೆಗೆ ಮಷಿನ್ ನಿಲ್ಲಿಸಿ ಕೆಳಗೆ ನುಗ್ಗಿ ಮಣ್ಣು ತೆಗೆದು, ಸುತ್ತಿಕೊಂಡ ಹುಲ್ಲು ಬಿಡಿಸಿದರೆ ಅದಕ್ಕೆ ಯಾರು ಕಾಸು ಕೊಡ್ತಾರೆ? ಯಾರೂ ಇಲ್ಲ. ಪುಕ್ಕಟೆ ಕೆಲಸ ಯಾವಾಗಲೂ ನಾಳೆಗೆ ಹೋಗುತ್ತೆ. ಅದಕ್ಕೆ ನಾವು ದಿನಕ್ಕೆ ಒಂದು ಗಂಟೆ ಮಷಿನ್ ತೊಳೆಯೋ ಪಗಾರ ಅಂತ ಬೇರೆ ಇಟ್ಟಿದ್ದೀವಿ. ಬೇರೆ ಓನರ್‌ಗಳು ನಕ್ಕರು. ನಗಲಿ.

"ಇದೆಲ್ಲ ಓನರ್‌ಗಳ ತಲೆನೋವು, ರೈತನಿಗೇನು?" ಅಂತ ಕೇಳಬಹುದು. ಚೆನ್ನಾಗಿದೆ ಪ್ರಶ್ನೆ. ಚೈನು ಹರಿಯೋದು ಮಷಿನ್ ಶೆಡ್ಡಿನಲ್ಲಿ ನಿಂತಾಗಲ್ಲ, ನವೆಂಬರ್‌ನಲ್ಲಿ ಮೋಡ ಕಟ್ಟಿದಾಗ, ಮಾಗಿದ ಭತ್ತದ ನಡುವೆ. ಆವಾಗ ಸಾಮಾನು ರಾಯಚೂರಿಂದಲೋ ಹೈದರಾಬಾದಿಂದಲೋ ಬರೋತನಕ ಕಾಯಬೇಕು. ಅಷ್ಟರಲ್ಲಿ ಮಳೆ ಬಂದರೆ ಭತ್ತ ಮಲಗುತ್ತೆ, ಕಾಳು ಉದುರುತ್ತೆ, ಮೊಳಕೆ ಒಡೆಯುತ್ತೆ. ಓನರ್‌ಗೆ ಹೋದದ್ದು ಚೈನಿನ ದುಡ್ಡು, ರೈತನಿಗೆ ಹೋದದ್ದು ವರ್ಷದ ಅನ್ನ. ಮುಂದಿನ ಸುಗ್ಗಿಗೆ ಗಂಟೆ ಬಾಡಿಗೆ ಏರಿದಾಗ ಆ ಚೈನಿನ ದುಡ್ಡೂ ರೈತನ ಜೇಬಿಂದಲೇ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಮ್ಮ ಕಡೆ ಜನ ನಿದ್ದೆಗೆಟ್ಟದ್ದು ನೆನಪಿದೆಯಲ್ಲ? ಅದೂ ಒಂದು ಹಳೆ ಚೈನು ಹರಿದದ್ದರಿಂದಲೇ. ಕಬ್ಬಿಣ ಹೇಳದೆ ಕೇಳದೆ ಹರಿಯಲ್ಲ, ನೋಡೋರು ಬೇಕು ಅಷ್ಟೆ.

ಹಾಗಾದ್ರೆ ಏನು ಮಾಡಬೇಕು? ನನ್ನ ಪಟ್ಟಿ ಇಲ್ಲಿದೆ.

ಒಂದು, ರಸ್ತೆ ದಾಟೋದಕ್ಕೆ ಬಿಟ್ಟು ಬೇರೆ ಓಡಾಟಕ್ಕೆ ಲಾರಿ ಮೇಲೇ ಹೇರಬೇಕು. ಆ ಬಾಡಿಗೆಯನ್ನ ಗಂಟೆ ರೇಟಿನಲ್ಲಿ ಮುಚ್ಚಿಡದೆ ಬೇರೆ ಬರೆಯಬೇಕು.

ಎರಡು, ರೈತರೂ ಕೈ ಜೋಡಿಸಬೇಕು. ಒಂದೇ ಉಪಕಾಲುವೆಯ ಅಕ್ಕಪಕ್ಕದ ಗದ್ದೆಯವರು ಮಾತಾಡಿಕೊಂಡು ಸಾಲಾಗಿ ಕೊಯ್ಲು ಮಾಡಿಸಿದರೆ ಮಷಿನ್ ಬದುವಿಂದ ಬದುವಿಗೆ ಹೋಗುತ್ತೆ, ರಸ್ತೆ ಹತ್ತೋದೇ ಇಲ್ಲ. "ನಂದು ಮೊದಲು" ಅನ್ನೋ ಜಗಳದಲ್ಲಿ ಮಷಿನ್ ಊರ ಈ ತುದಿಯಿಂದ ಆ ತುದಿಗೆ ಮೂರು ಸಲ ಓಡೋದನ್ನ ನಾನೇ ಲೆಕ್ಕ ಬರೆದಿದ್ದೀನಿ.

ಮೂರು, ಗರಸು ಮತ್ತು ಡಾಂಬರಿನ ಮೇಲೆ ನಿಂತಲ್ಲೇ ಗಿರ್ ಅಂತ ತಿರುಗಿಸೋದು ಬಂದ್. ಅಗಲವಾಗಿ ತಿರುಗಿಸಿ. ಎಡ ಬಲ ಸವೆತ ಬೇರೆ ಬೇರೆ ಆಗಿದೆಯಾ ಅಂತ ತಿಂಗಳಿಗೊಮ್ಮೆ ಅಳೆಯಿರಿ.

ನಾಲ್ಕು, ಮಣ್ಣು ಹಸಿ ಇರುವಾಗಲೇ ತೊಳೆಯಬೇಕು. ಪ್ರತಿ ರೋಲರ್ ತಿರುಗುತ್ತಾ ಇಲ್ವಾ ಅಂತ ಕೈಯಿಂದ ನೋಡಬೇಕು, ಮಷಿನ್ ಬಂದ್ ಮಾಡಿಯೇ. ಹಲ್ಲು ಸವೆದ ಸ್ಪ್ರಾಕೆಟ್ಟಿಗೆ ಹೊಸ ಚೈನು ಹಾಕಿದರೆ ಅದು ಹೊಸದನ್ನೂ ತಿನ್ನುತ್ತೆ.

ಐದು, ಸರ್ಕಾರಕ್ಕೆ. ಕೃಷಿ ಯಂತ್ರಧಾರೆ ಅಂತ ಬಾಡಿಗೆ ಕೇಂದ್ರ ಮಾಡಿದ್ದೀರಿ, ಸಂತೋಷ. ಮಷಿನ್ನಿಗೆ ದುಡ್ಡು ಇಡೋರು ಅದನ್ನ ಓಡಿಸೋ ಹುಡುಗನಿಗೂ ನಾಲ್ಕು ದಿನದ ತರಬೇತಿ ಇಡಿ. ರಾಯಚೂರಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಕೃಷಿ ಎಂಜಿನಿಯರಿಂಗ್ ಕಾಲೇಜೂ ಇದೆ. ಸುಗ್ಗಿ ಇಲ್ಲದ ತಿಂಗಳಲ್ಲಿ ಸಿರವಾರಕ್ಕೇ ಬಂದು, ಒಂದು ಸವೆದ ಚೈನು ಒಂದು ಹೊಸ ಚೈನು ಪಕ್ಕಪಕ್ಕ ಇಟ್ಟು ಕನ್ನಡದಲ್ಲಿ ತೋರಿಸಿದರೆ ಸಾಕು.

ಇದರಲ್ಲಿ ಯಾವುದಕ್ಕೂ ಜಪಾನಿನ ತಂತ್ರಜ್ಞಾನ ಬೇಡ. ಒಂದು ನೀರಿನ ಪೈಪು, ಒಂದು ಅಳತೆ ಪಟ್ಟಿ, ಒಂದು ಗಂಟೆಯ ಪಗಾರ, ಅಕ್ಕಪಕ್ಕದವರ ಜೊತೆ ಎರಡು ಮಾತು. ಇಷ್ಟೂ ಮಾಡದೆ ಬಾಡಿಗೆ ಏರಿಸೋ ಓನರ್‌ಗೆ ಈ ಸುಗ್ಗಿಯಲ್ಲಿ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ನಿನ್ನೆ ರಾತ್ರಿ ಮಷಿನ್ ತೊಳದಿದ್ಯೇನು?"

ಉತ್ತರ ಬರದಿದ್ದರೆ ಬೇರೆ ಮಷಿನ್ ಕರೆಸಿ. ಏನಂತೀರಿ?